ಎಡಗೈಯಿಂದ ತೆಗೆದ ರಕ್ತ

೨೦೨೨ರಲ್ಲಿ ನಾನು ಕುರ್ಲಾ ಸ್ಟೇಷನ್ನಿಗೆ ಹತ್ತಿರದ ಖಾಸಗಿ ಲ್ಯಾಬೊಂದರಲ್ಲಿ ಮುಖ್ಯ ಬಯೋಕೆಮಿಸ್ಟ್ ಆಗಿದ್ದೆ. ನಿವೃತ್ತಿಗೆ ಹದಿನಾಲ್ಕು ತಿಂಗಳು ಉಳಿದಿತ್ತು. ಮಾಟುಂಗದಿಂದ ಏಳರ ಲೋಕಲ್ ರೈಲು ಹಿಡಿದು ಬಂದವನು ಮೊದಲು ಯಂತ್ರಕ್ಕೆ ಕಂಟ್ರೋಲ್ ಹಾಕುತ್ತಿದ್ದೆ. ಅಂದರೆ, ಉತ್ತರ ಮೊದಲೇ ಗೊತ್ತಿರುವ ಮಾದರಿಯನ್ನು ಕೊಟ್ಟು ಯಂತ್ರ ಸರಿಯಾಗಿ ಓದುತ್ತದೆಯೇ ಎಂದು ನೋಡುವುದು. ಅದು ಸರಿಬಂದರೆ ಆ ದಿನ ಯಾರು ಏನು ತಕರಾರು ತೆಗೆದರೂ ನಾನು ಜಗ್ಗುತ್ತಿರಲಿಲ್ಲ.

ಲ್ಯಾಬಿಗೆ ನಾನೇ ಮಾಡಿದ ಒಂದು ನಿಯಮವಿತ್ತು: ರಕ್ತವನ್ನು ಎಡಗೈಯಿಂದಲೇ ತೆಗೆಯಬೇಕು. ನಮ್ಮಲ್ಲಿಗೆ ಬರುವವರು ಇಲ್ಲಿಂದ ನೇರ ಲೋಕಲ್ ಹತ್ತುತ್ತಾರೆ. ಚುಚ್ಚಿಸಿಕೊಂಡ ಬಲಗೈಯಲ್ಲೇ ಹಿಡಿಕೆಗೆ ಜೋತುಬಿದ್ದರೆ ಮತ್ತೆ ರಕ್ತ ಬರುತ್ತದೆ. ಹಾಗೊಮ್ಮೆ ಒಬ್ಬರ ಬಿಳಿ ಅಂಗಿಯ ತೋಳು ಕೆಂಪಾಗಿ, ಅವರು ಕೌಂಟರಿಗೆ ವಾಪಸು ಬಂದು ರಂಪ ಮಾಡಿದ್ದರು. ಆ ಮೇಲೆ ಬಂದ ನಿಯಮವದು. ಅದರ ಬಗ್ಗೆ ನನಗೆ ಹೆಮ್ಮೆಯೂ ಇತ್ತು.

ಶಿಲ್ಪಾ ಟ್ರಾನ್ಸ್ ಮಹಿಳೆ, ವಯಸ್ಸು ಇಪ್ಪತ್ತಾರು. ವಿಜಯಪುರದ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮನೆಯವರು. ಜೋಗೇಶ್ವರಿಯ ಪ್ಯಾಕಿಂಗ್ ಯೂನಿಟ್ ಒಂದರಲ್ಲಿ ಕ್ವಾಲಿಟಿ ಚೆಕ್ ಕೆಲಸ ಮಾಡುತ್ತಿದ್ದರು. ಚಿಕಿತ್ಸೆಗೆ ಮುಂಚೆ ಅವರ ಟೆಸ್ಟೋಸ್ಟೆರಾನ್, ಅಂದರೆ ಗಂಡು ಹಾರ್ಮೋನು, ೫೪೦ ಇತ್ತು. ಗಂಡಸರಲ್ಲಿ ಇದು ಸುಮಾರು ೩೦೦ರಿಂದ ೧೦೦೦. ಅದನ್ನು ೫೦ಕ್ಕಿಂತ ಕೆಳಗಿಳಿಸಿ, ಎಸ್ಟ್ರಡೈಯಾಲ್ ಎಂಬ ಹೆಣ್ಣು ಹಾರ್ಮೋನನ್ನು ೧೦೦ರಿಂದ ೨೦೦ರ ನಡುವೆ ನಿಲ್ಲಿಸುವುದು ವೈದ್ಯರ ಗುರಿ. ಹಾರ್ಮೋನು ಮಾತ್ರೆ ಶುರುವಾದ ವರ್ಷದೊಳಗೆ ಎರಡೂ ಆ ಮಟ್ಟಕ್ಕೆ ಬಂದವು.

ಅಷ್ಟರಲ್ಲಿ ಶಿಲ್ಪಾ ಅವರ ತಾಯಿಗೆ ಕಾಲಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಆಸ್ಪತ್ರೆ ಸೇರಬೇಕಾಯಿತು. ಇದು ಮನೆತನದಲ್ಲಿ ಬರಬಹುದು. ಹೆಣ್ಣು ಹಾರ್ಮೋನನ್ನು ಮಾತ್ರೆಯಾಗಿ ತೆಗೆದುಕೊಂಡರೆ ಈ ಅಪಾಯ ಸ್ವಲ್ಪ ಹೆಚ್ಚುತ್ತದೆ, ಚರ್ಮಕ್ಕೆ ಹಚ್ಚುವ ಜೆಲ್‌ನಿಂದ ಕಡಿಮೆ. ಹಾಗಾಗಿ ವೈದ್ಯರು ಮಗಳಿಗೆ ಮಾತ್ರೆ ಬಿಡಿಸಿ ಜೆಲ್ ಬರೆದರು. ಮುಂದಿನ ವರದಿಯಲ್ಲಿ ಎಸ್ಟ್ರಡೈಯಾಲ್ ೭೮೦ ಬಂತು. ವೈದ್ಯರು ಗಾಬರಿಯಾಗಿ ಜೆಲ್ಲನ್ನು ಅರ್ಧಕ್ಕಿಳಿಸಿದರು. ಆದರೂ ೬೯೦. ಶಿಲ್ಪಾ ಕದ್ದು ಹೆಚ್ಚು ಹಚ್ಚಿಕೊಳ್ಳುತ್ತಿದ್ದಾರೆ ಎಂದು ವೈದ್ಯರು ತೀರ್ಮಾನಿಸಿದರು. ಮೂರನೆಯ ವರದಿಯೂ ಹೀಗೇ ಬಂದರೆ ಚಿಕಿತ್ಸೆ ನಿಲ್ಲಿಸುವುದಾಗಿ ಹೇಳಿ ಕಳಿಸಿದರು.

ಆ ಮೂರನೆಯ ಪರೀಕ್ಷೆಗೆ ಬಂದ ದಿನ ಶಿಲ್ಪಾ ನೇರವಾಗಿ ನನ್ನ ಮೇಜಿನ ಮುಂದೆ ನಿಂತು, ನಿಮ್ಮ ವರದಿಯೇ ತಪ್ಪು ಎಂದರು. ಕುಣಿಯಲಾರದವರು ನೆಲ ಡೊಂಕು ಎನ್ನುತ್ತಾರೆ ಎಂದುಕೊಂಡು, ಯಂತ್ರ ಸುಳ್ಳು ಹೇಳುವುದಿಲ್ಲ ಎಂದೆ.

"ಹಂಗಾರ ನಾನs ಸುಳ್ಳ ಹೇಳಾಕತ್ತೀನೇನ್ರಿ ಸರ್? ಗಡ್ಡ ಮತ್ತ ಬಿರುಸ ಆಗಾಕತ್ತೈತಿ. ಟ್ಯೂಬ್ ನನ್ನ ಹತ್ರ ಇರೂದs ಇಲ್ಲ, ಅವ್ವ ಟ್ರಂಕಿನಾಗ ಲಾಕ್ ಮಾಡಿ ಇಟ್ಟಾಳ. ದಿನಾ ಆಕಿನs ಅಳದು ಕೊಡ್ತಾಳ. ಆದ್ರೂ ಹೊರಗಿಂದ ತರ್ತಿ ಅಂತ ಬೈತಾಳ. ಬಂದ್ ಮಾಡಿದ್ರ ನಾ ಮತ್ತ ಮೊದಲಿನಂಗ ಆಗ್ತೀನ್ರಿ."

ಹಳೆಯ ವರದಿಗಳನ್ನು ತೆಗೆದು ನೋಡಿದೆ. ಎಸ್ಟ್ರಡೈಯಾಲ್ ೬೯೦ ಬಂದ ಅದೇ ದಿನ ಟೆಸ್ಟೋಸ್ಟೆರಾನ್ ೨೩೦ಕ್ಕೆ ಏರಿತ್ತು. ಹೆಣ್ಣು ಹಾರ್ಮೋನು ಅಷ್ಟು ಹೆಚ್ಚಿದ್ದರೆ ಗಂಡು ಹಾರ್ಮೋನು ತಲೆಯೆತ್ತುವ ಹಾಗಿಲ್ಲ. ಎರಡೂ ವರದಿಗೆ ಸಹಿ ಮಾಡಿದವನು ನಾನೇ, ಎರಡನ್ನೂ ಒಟ್ಟಿಗೆ ಓದಿರಲಿಲ್ಲ. ನಿಜಕ್ಕೂ ನಾಚಿಕೆಯಾಯಿತು.

"ಜೆಲ್ ಹೇಗೆ ಹಚ್ಚಿಕೊಳ್ತೀರಿ, ತೋರಿಸಿ."

ಶಿಲ್ಪಾ ಬಲ ಅಂಗೈಯಿಂದ ಎಡಗೈಯನ್ನು ಮಣಿಕಟ್ಟಿನಿಂದ ಭುಜದವರೆಗೆ ಸವರಿ ತೋರಿಸಿದರು. ಹೊತ್ತು ಕೇಳಿದರೆ, ದಿನಾ ಬೆಳಿಗ್ಗೆ ಸ್ನಾನವಾದ ಮೇಲೆ ಎಂದರು. ಪಕ್ಕದಲ್ಲಿ ರಕ್ತ ತೆಗೆಯುವ ನಮ್ಮ ಸದಾನಂದ ಅದೇ ತೋಳಿಗೆ ಪಟ್ಟಿ ಕಟ್ಟಲು ಸಿದ್ಧನಾಗಿದ್ದ.

"ಎಡಗೈ ನರ ಒಳ್ಳೆದುಂಟು ಸರ್" ಎಂದ.

ಜೆಲ್ ಹಚ್ಚಿದ ಚರ್ಮದ ಮೂಲಕವೇ ಸೂಜಿ ಹೋದರೆ ಚರ್ಮದ ಮೇಲಿನ ಹಾರ್ಮೋನೂ ರಕ್ತದ ಮಾದರಿಗೆ ಸೇರುತ್ತದೆ. ಸ್ಪಿರಿಟ್ ಹತ್ತಿಯಿಂದ ಒರೆಸಿದರೂ ಪೂರ್ತಿ ಹೋಗುವುದಿಲ್ಲ. ಎರಡೂ ಕೈಗಳಿಂದ ಬೇರೆ ಬೇರೆ ರಕ್ತ ತೆಗೆಯಲು ಹೇಳಿದೆ. ಜೆಲ್ ಸವರುವ ಬಲ ಅಂಗೈಯನ್ನು ಸೋಪು ಹಾಕಿ ತೊಳೆಸಿ, ಬಲ ಮೊಣಕೈಯಿಂದ ತೆಗೆದೆವು. ಮಧ್ಯಾಹ್ನ ಫಲಿತಾಂಶ ಬಂತು. ಎಡಗೈಯದು ೭೧೦, ಬಲಗೈಯದು ೫೨. ಈ ಸಲ ನೆಲವೇ ಡೊಂಕಾಗಿತ್ತು. ಹೆಚ್ಚಾಗಿದೆ ಎಂದು ಔಷಧಿ ಕಿತ್ತುಕೊಂಡದ್ದು ಅದು ಸಾಲದೆ ಇದ್ದವರಿಂದ.

ವೈದ್ಯರಿಗೆ ಫೋನ್ ಮಾಡಿ ಎರಡೂ ಅಂಕಿ ಓದಿ ಹೇಳಿದೆ. ಅವರು ಜೆಲ್ಲನ್ನು ಮೊದಲಿನ ಪ್ರಮಾಣಕ್ಕೇ ಏರಿಸಿದರು, ತೊಡೆಗೆ ಹಚ್ಚಿಕೊಳ್ಳುವಂತೆ ತಿಳಿಸಿದರು. ತಪ್ಪು ನನ್ನ ನಿಯಮದ್ದು ಎಂದು, ಅಲ್ಲೇ ಕಾದು ಕುಳಿತಿದ್ದ ಶಿಲ್ಪಾ ಅವರಿಗೆ ಹೇಳಿದೆ. ಅವರು ಕೂಗಾಡಲಿಲ್ಲ.

"ಇದನ್ನ ನಮ್ಮ ಅವ್ವಗ ಹೇಳ್ರಿ ಸರ್. ನಾ ಹೇಳಿದ್ರ ನಂಬೂದಿಲ್ಲ."

ಆ ದಿನದಿಂದ ನಮ್ಮ ಫಾರ್ಮಿನಲ್ಲಿ, ಮೈಗೆ ಹಚ್ಚುವ ಔಷಧಿ ಇದೆಯೇ, ಎಲ್ಲಿಗೆ ಎಂಬ ಪ್ರಶ್ನೆ ಸೇರಿತು. ಆದರೆ ನಾನು ಕಲಿತದ್ದು ಅದಕ್ಕಿಂತ ದೊಡ್ಡದು. ಸಹಿ ಹಾಕಿದ ಕಾಗದ ಯಾರ ಮನೆ ಸೇರಿ ಅಲ್ಲಿ ಯಾರನ್ನು ಸುಳ್ಳರನ್ನಾಗಿ ಮಾಡುತ್ತದೆ ಎಂದು ಮೂವತ್ತು ವರ್ಷ ನಾನು ಕೇಳಿಕೊಂಡಿರಲಿಲ್ಲ. ಅಂದೇ ಫೋನಿನಲ್ಲಿ ಆ ತಾಯಿಗೆ ಎಲ್ಲವನ್ನೂ ನಿಧಾನವಾಗಿ ವಿವರಿಸಿ, ನಿಮ್ಮ ಮಗಳು ಹೇಳಿದ್ದೆಲ್ಲ ನಿಜ ಎಂದೆ. ಆಮೇಲೆ ಆಕೆ ಕೇಳಿದರು:

"ಆಕಿ ಅಲ್ಲೇ ಅದಾಳೇನ್ರಿ? ಟ್ರಂಕಿನ ಕೀಲಿ ತಗದೀನಿ ಅಂತ ಹೇಳ್ರಿ."