ಭಟ್ಟಿಯಿಲ್ಲದ ಊರಲ್ಲಿ ನಾನ್ ರೊಟ್ಟಿ

ಹೊಸಕೋಟೆಗೆ ಬಂದ ಮೊದಲ ಸಂಜೆ ನನ್ನ ಗಂಡ ಶಿವರಾಜ ಕೈಯಲ್ಲೊಂದು ಬಿಳಿ ಬಟ್ಟೆ ಹಿಡಿದು ನಾನ್ ತರಲು ಹೋದರು. ಊರೆಲ್ಲ ಸುತ್ತಿ, ಅದೇ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು ಬರಿಗೈಯಲ್ಲಿ ವಾಪಸಾದರು. ‘ಈ ಊರಾಗ ಭಟ್ಟಿನೇ ಇಲ್ಲ ನೀಲಾ,’ ಅಂದರು. ನೀರಿಲ್ಲ, ಕರೆಂಟಿಲ್ಲ ಅಂದಿದ್ದರೂ ನಾನು ಅಷ್ಟು ಗಾಬರಿಯಾಗುತ್ತಿರಲಿಲ್ಲ.

ಬೀದರಿನಲ್ಲಿರುವ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಮ್ಮಲ್ಲಿ ನಾನ್ ಮನೆಯಲ್ಲಿ ಮಾಡುವ ಪದಾರ್ಥವೇ ಅಲ್ಲ. ಓಣಿಯ ತುದಿಗೆ ಹೋಗಿ ಬಟ್ಟೆ ಚಾಚಿದರೆ, ಇಲ್ಲಿಯವರು ತಂದೂರ್ ಅನ್ನುವ ಭಟ್ಟಿಯ ಗೋಡೆಯಿಂದ ಕಿತ್ತ ಬಿಸಿ ನಾನ್ ಸುತ್ತಿ ಕೊಡುತ್ತಾರೆ. ಇಲ್ಲಿಯೂ ಹೈವೇ ಹೋಟೆಲುಗಳಲ್ಲಿ ನಾನ್ ಉಂಟು. ಆದರೆ ಟೇಬಲ್ಲಿಗೆ ಕೂತು, ಮೆನು ನೋಡಿ, ಜೊತೆಗೊಂದು ಪಲ್ಯ ಹೇಳಿ, ಕಾದು ತಿನ್ನಬೇಕು. ಮನೆಯ ಊಟದ ರೊಟ್ಟಿಗೆ ಯಾರಾದರೂ ಮೆನು ನೋಡುತ್ತಾರೆಯೇ?

ಶಿವರಾಜರಿಗೆ ಇಲ್ಲಿನ ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕಿತ್ತು, ಅದಕ್ಕೇ ಬಂದೆವು. ಬಂದ ವರ್ಷದಲ್ಲೇ ಎರಡು ಮನೆ ಬದಲಾದವು. ಒಂದನ್ನು ಮಾಲೀಕರು ಮಗಳ ಮದುವೆ ಅಂತ ಬಿಡಿಸಿದರು, ಇನ್ನೊಂದನ್ನು ನೀರಿನ ಜಗಳಕ್ಕೆ ನಾವೇ ಬಿಟ್ಟೆವು. ಮೂರನೆಯದು ಜಯಮ್ಮನವರ ಮಹಡಿ. ಅವರದು ಒಕ್ಕಲುತನದ ಕುಟುಂಬ: ಹಿತ್ತಲಲ್ಲಿ ಎರಡು ಹಸು, ಊರಾಚೆ ಟೊಮೆಟೊ ತೋಟ, ರಸ್ತೆ ಕಡೆಗೆ ಈ ಬಾಡಿಗೆ ಮನೆ. ಮಗಳ ಶಾಲೆಯೂ ಹತ್ತಿರ. ಇನ್ನೊಮ್ಮೆ ಸಾಮಾನು ಕಟ್ಟುವ ಶಕ್ತಿ ನನಗೆ ಉಳಿದಿರಲಿಲ್ಲ.

ಜಯಮ್ಮ ನನ್ನ ಮಾತಿಗೆ ನಗುತ್ತಿದ್ದರು. ನಾನು ‘ಬರ್ಲಾಕತ್ತೀನ್ರಿ ಅಕ್ಕಾ’ ಅಂದರೆ, ‘ಅದೇನು ಕನ್ನಡನೋ ಮರಾಠಿನೋ, ಒಂದೂ ತಿಳಿಯಕ್ಕಿಲ್ಲ ಕಣಮ್ಮಾ’ ಅನ್ನುತ್ತಿದ್ದರು. ಆದರೂ ದಿನವಿಡೀ ನನ್ನನ್ನು ಮಾತಾಡಿಸುತ್ತಿದ್ದವರು ಅವರೊಬ್ಬರೇ. ಅವರು ಹೊಲಕ್ಕೆ ಹೋದ ದಿನ ನನ್ನ ದನಿ ನನಗೇ ಕೇಳಿಸುತ್ತಿರಲಿಲ್ಲ.

ಕೊನೆಗೆ ನಾನ್ ಮನೆಯಲ್ಲೇ ಮಾಡುವುದೆಂದು ಹಟ ಹಿಡಿದೆ. ಮೈದಾಕ್ಕೆ ಮೊಸರು, ಚಿಟಿಕೆ ಸಕ್ಕರೆ, ಉಪ್ಪು, ಸ್ವಲ್ಪ ಸೋಡಾ ಹಾಕಿ ನಾದಿ, ಒದ್ದೆ ಬಟ್ಟೆ ಮುಚ್ಚಿ ಮಧ್ಯಾಹ್ನವೆಲ್ಲ ಬಿಟ್ಟೆ. ಭಟ್ಟಿಯ ಕೆಲಸವನ್ನು ಗ್ಯಾಸ್ ಒಲೆಯಿಂದಲೇ ಮಾಡಿಸಬಹುದು. ಲಟ್ಟಿಸಿದ ನಾನಿನ ಒಂದು ಮಗ್ಗುಲಿಗೆ ನೀರು ಸವರಿ, ಆ ಮಗ್ಗುಲನ್ನು ಕಾದ ತವೆಗೆ ಅಂಟಿಸಬೇಕು. ಮೇಲೆ ಗುಳ್ಳೆ ಎದ್ದ ಕೂಡಲೇ ತವೆಯನ್ನೇ ಬೋರಲು ಹಿಡಿದು ಉರಿಗೆ ತೋರಿಸಬೇಕು. ನನ್ನ ಮೊದಲ ನಾನ್ ನಾನ್‌ಸ್ಟಿಕ್ ತವೆಯಿಂದ ಜಾರಿ ನೇರ ಬರ್ನರ್ ಮೇಲೆ ಬಿತ್ತು. ಮಗಳು ಬಿದ್ದು ಬಿದ್ದು ನಕ್ಕಳು.

ಸುಟ್ಟ ವಾಸನೆಗೆ ಜಯಮ್ಮ ಮೇಲೆ ಬಂದರು. ‘ಇದುಕ್ಕೆ ಕಬ್ಬಿಣದ್ದೇ ಆಗ್ಬೇಕು, ತಡಿ’ ಅಂತ ಕೆಳಗಿನಿಂದ ತಮ್ಮ ಹೆಂಚು ತಂದುಕೊಟ್ಟರು. ಕಪ್ಪಗೆ ಮಿರುಗುವ, ಹಿಡಿಯಿರುವ ದಪ್ಪ ಹೆಂಚು. ‘ಉಸಾರು ಕಣಮ್ಮಾ, ನಮ್ಮತ್ತೆ ಕಾಲದ್ದು’ ಅಂದರು. ಕೆಳಗೆ ಬೀಳಿಸಬೇಡ ಅನ್ನುತ್ತಿದ್ದಾರೆ ಅಂತ ನಾನು ತಿಳಿದೆ.

ಆ ಶನಿವಾರ ನನ್ನ ಮನೆಯಲ್ಲಿ ನಾನ್ ಉಬ್ಬಿತು. ಅಲ್ಲಲ್ಲಿ ಕರಿಚುಕ್ಕೆ, ಒಳಗೆ ಹತ್ತಿ. ಶಿವರಾಜ ಒಂದಾದ ಮೇಲೊಂದು ತಿಂದರು. ನಾಲ್ಕು ನಾನ್‌ಗಳನ್ನು ಜಯಮ್ಮನವರಿಗೆ ತೆಗೆದಿಟ್ಟು ಹೆಂಚು ತೊಳೆಯಲು ಕೂತೆ. ನಮ್ಮ ಕಡೆ ಕಡ ತಂದ ಪಾತ್ರೆಯನ್ನು ಇದ್ದದ್ದಕ್ಕಿಂತ ಚೆನ್ನಾಗಿ ಬೆಳಗಿ ಕೊಡದಿದ್ದರೆ ಮನೆತನದ ಮರ್ಯಾದೆ ಹೋಗುತ್ತದೆ, ನಿಮಗೇ ಗೊತ್ತು. ಸ್ಟೀಲಿನ ನಾರು, ಸಬೀನ ಪುಡಿ ಹಾಕಿ ತೋಳು ನೋಯುವವರೆಗೆ ಉಜ್ಜಿದೆ. ಕಪ್ಪೆಲ್ಲ ಬಿಟ್ಟು ಹೆಂಚು ಬೆಳ್ಳಗೆ ಹೊಳೆಯಿತು. ಕೆಳಗೆ ಯಾರೂ ಇರಲಿಲ್ಲ. ಅವರ ಅಡುಗೆಕಟ್ಟೆಯ ಮೇಲೆ ಹೆಂಚಿಟ್ಟು, ಅದರ ಮೇಲೆ ನಾನ್ ಮುಚ್ಚಿಟ್ಟು, ಹೆಮ್ಮೆಯಿಂದ ಬಂದೆ.

ಮರುದಿನ ಬೆಳಿಗ್ಗೆ ಸಾಸಲು ಎಂಬ ಹಳ್ಳಿಯಿಂದ ಜಯಮ್ಮನ ತಮ್ಮನ ಮನೆಯವರು ಬಂದಿದ್ದರು. ಕೆಳಗಿನಿಂದ ಚರ್ ಚರ್ ಅಂತ ಕೆರೆಯುವ ಸದ್ದು ನಿಲ್ಲಲೇ ಇಲ್ಲ. ಆಮೇಲೆ ಯಾರೋ ‘ದೋಸೆ ಬಿಡು ಅತ್ಲಾಗೆ, ಉಪ್ಪಿಟ್ಟೇ ಕೆದಕು’ ಅಂದದ್ದು ಕೇಳಿತು. ನಾನೇ ಹೋಗಿ ಕೇಳಿದಾಗ ಪಕ್ಕದ ಮನೆಯ ಹೆಂಗಸು ವಿಷಯ ಬಿಡಿಸಿದಳು. ಇಲ್ಲಿನವರಿಗೆ ದೋಸೆ ಹೆಂಚು ಬೇರೆಯೇ. ಅದರಲ್ಲಿ ಚಪಾತಿ ಕೂಡ ಸುಡುವುದಿಲ್ಲ, ಜಯಮ್ಮ ನನಗೆಂದೇ ಕೊಟ್ಟಿದ್ದರು. ಸೋಪಂತೂ ಸೋಕಿಸುವುದೇ ಇಲ್ಲ. ವರ್ಷಗಟ್ಟಲೆ ಎಣ್ಣೆ ಕುಡಿಸಿ ಅದನ್ನು ಪಳಗಿಸುತ್ತಾರೆ, ಅಂದರೆ ದೋಸೆ ತಾನಾಗಿ ಏಳುವಂತೆ ಹದಕ್ಕೆ ತರುತ್ತಾರೆ. ನಮ್ಮ ಕಡೆ ಜೋಳದ ರೊಟ್ಟಿ, ಚಪಾತಿ, ಶೇಂಗಾ ಎಲ್ಲಕ್ಕೂ ಒಂದೇ ಹಂಚು. ನಾನು ದೋಸೆ ತಿಂದದ್ದೆಲ್ಲ ಹೋಟೆಲಿನಲ್ಲಿ.

ಅವರ ಅತ್ತೆಯ ಕಾಲದ ಹದವನ್ನು ಒಂದೇ ಸಂಜೆಗೆ ಉಜ್ಜಿ ತೆಗೆದಿದ್ದೆ. ಆ ಇಡೀ ಭಾನುವಾರ ಜಯಮ್ಮ ಮೇಲೆ ಬರಲಿಲ್ಲ. ಮನೆ ಹೋಯಿತು ಅಂದುಕೊಂಡೆ. ಬೀದರಿಗೆ ಫೋನ್ ಮಾಡಿ, ‘ಈ ಮನೀನೂ ಬಿಡಬೇಕಾಗ್ತದ ಅನಸ್ತದ ಅವ್ವಾ’ ಅಂತ ಅತ್ತೂಬಿಟ್ಟೆ.

ಸೋಮವಾರ ಬೆಳಿಗ್ಗೆ ಜಯಮ್ಮ ಹೆಂಚು ಹಿಡಿದುಕೊಂಡೇ ಮೆಟ್ಟಿಲು ಹತ್ತಿ ಬಂದರು.

‘ಏನಮ್ಮಾ, ಹೆಂಚ್ನ ಕನ್ನಡಿ ಮಾಡ್ಬಿಟ್ಟಿದ್ದೀಯಲ್ಲ. ಮುಖ ನೋಡ್ಕೊಳಾ ಅಂತಲಾ?’

‘ತಪ್ಪಾತ್ರಿ ಅಕ್ಕಾ. ಗೊತ್ತಿರಲಿಲ್ರಿ. ಮನಿ ಯಾವಾಗ ಖಾಲಿ ಮಾಡ್ಬೇಕ್ರಿ?’

ಅವರು ನನ್ನನ್ನು ಪಿಳಿಪಿಳಿ ನೋಡಿದರು. ‘ಹೆಂಚಿಗೋಸ್ಕರ ಯಾರಾನ ಮನೆ ಬಿಡುಸ್ತಾರಾ? ತಲೆ ಕೆಟ್ಟದಾ ನಿಂಗೆ? ನೆಂಟ್ರು ಬಂದಿದ್ರು, ಪುರುಸೊತ್ತಾಗ್ಲಿಲ್ಲ ಅಷ್ಟೇಯ. ನಿನ್ ನಾನ್ ತಿಂದು ನಮ್ಮನೆಯೋರು ಮುದ್ದೆ ಬೇಡ ಅಂದವ್ರೆ, ಗೊತ್ತಾ? ಈರುಳ್ಳಿ ತಕ್ಕೊಂಡು ಕೆಳಕ್ಕೆ ಬಾ.’

ನಿಜ ಹೇಳುತ್ತೇನೆ, ಅಷ್ಟು ಹಗುರ ನನಗೆ ಈ ಊರಿನಲ್ಲಿ ಯಾವತ್ತೂ ಆಗಿರಲಿಲ್ಲ. ಹಿತ್ತಲ ಸೌದೆ ಒಲೆಯ ಮೇಲೆ ಹೆಂಚು ಕಾಯಿಸಿ, ಅರ್ಧ ಈರುಳ್ಳಿಯಿಂದ ಹರಳೆಣ್ಣೆ ತಿಕ್ಕಿದೆವು. ಆರಿಸಿ ಮತ್ತೆ ತಿಕ್ಕಿದೆವು. ಮೊದಲ ದೋಸೆಗಳೆಲ್ಲ ಚಿಂದಿಯಾಗಿ ಹಸುಗಳಿಗೆ ಹೋದವು. ಆಮೇಲೊಂದು ದೋಸೆ ಅಂಚು ಬಿಟ್ಟು ಇಡಿಯಾಗಿ ಎದ್ದಿತು. ಜಯಮ್ಮ ಅದನ್ನು ನನ್ನ ತಟ್ಟೆಗೇ ಹಾಕಿದರು. ನಾನಿಗೆಂದು ನಾನೇ ಬೇರೆ ಕಬ್ಬಿಣದ ತವೆ ಕೊಳ್ಳುವುದು, ಪ್ರತಿ ಶನಿವಾರ ಅವರ ಮನೆಗೂ ನಾಲ್ಕು ಕಳಿಸುವುದು ಅಂತ ಅಲ್ಲೇ ತೀರ್ಮಾನವಾಯಿತು.

ಸಂಜೆ ಅವ್ವನಿಗೆ ಫೋನ್ ಮಾಡಿದೆ.

‘ಮನಿ ಬಿಡೋದಿಲ್ಲ ಅವ್ವಾ. ಅವರು ಇರ್ರಿ ಅಂದ್ರು. ಇಲ್ಲೇ ಇರ್ತೀವಿ.’

ನನ್ನ ಖುಷಿಯಲ್ಲಿ ನಾನು ಮಾತಾಡುತ್ತಲೇ ಇದ್ದೆ.

‘ಛಲೋ ಆಯ್ತು ಬಿಡು,’ ಅಂದಳು ಅವ್ವ ಕೊನೆಗೆ. ‘ಹೊಳ್ಳಿ ಬರ್ತೀರಿ ಅಂತ ಮಾಡಿದ್ದೆ ನಾ. ನಿಮ್ಮ ಖೋಲಿ ಸಾರಿಸಿ, ಗಾದಿ ಬಿಸಲಿಗಿ ಹಾಕಿದ್ದೆ.’

‘ಗಾದಿ ಒಳಗ ತಗೊ ಅವ್ವಾ, ಇಬ್ಬನಿ ಬೀಳ್ತದ,’ ಅಂದೆ.