ಬಂದರಿನ ಮನೆಗೆ ನಾನು ಹಾಕಿದ ಷರತ್ತು

ನನ್ನ ಮೂಗಿನ ಬಗ್ಗೆ ನನಗೆ ಬಹಳ ದಿನ ಜಂಬವಿತ್ತು. ಕೊಟ್ಟೂರಿನಲ್ಲಿ ಮೂವತ್ತು ವರ್ಷದಿಂದ ಕಿರಾಣಿ ಅಂಗಡಿ ನಡೆಸುತ್ತಿರುವವನು ನಾನು. ಡಬ್ಬಿಯ ಮುಚ್ಚಳ ತೆಗೆದರೆ ಸಾಕು, ಶೇಂಗಾ ಎಣ್ಣೆ ಹೊಸದೋ ಹಳೆಯದೋ ಹೇಳಿಬಿಡುತ್ತಿದ್ದೆ. ತೊಗರಿಬೇಳೆ ಮುಗ್ಗಿದೆಯೇ, ಹುಣಸೆಹಣ್ಣಿಗೆ ನೀರು ತಾಕಿದೆಯೇ, ಎಲ್ಲವೂ ಮೂಗಿನಿಂದಲೇ ಗೊತ್ತಾಗುತ್ತಿತ್ತು. ಗಿರಾಕಿಗಳು ಹೊಗಳುತ್ತಿದ್ದರು, ನಾನು ಉಬ್ಬುತ್ತಿದ್ದೆ. ನನ್ನ ಹೆಂಡತಿ ಮಾತ್ರ, ಆ ಮೂಗನ್ನು ಅಂಗಡಿಯಲ್ಲೇ ಬಿಟ್ಟು ಮನೆಗೆ ಬರಬಾರದೇ ಎಂದು ಗೊಣಗುತ್ತಿದ್ದಳು. ಒಗ್ಗರಣೆ ಒಂದು ಚೂರು ಸೀದರೂ ಮುಖ ಸಿಂಡರಿಸುವ ಜಾತಿ ನನ್ನದು.

ಮಗಳಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಿದ ದಿನ ಮನೆಯಲ್ಲಿ ಹೋಳಿಗೆ ಮಾಡಿದ್ದೆವು. ಊರು ಯಾವುದೆಂದು ಗೊತ್ತಾದ ಮೇಲೆ ಹೋಳಿಗೆಯ ತಟ್ಟೆ ಪಕ್ಕಕ್ಕೆ ಸರಿಸಿದೆ. ಕುಂದಾಪುರದ ಆಚೆ, ಹೊಳೆ ಹೋಗಿ ಸಮುದ್ರ ಸೇರುವ ಕಡೆ ಇರುವ ಒಂದು ಮೀನುಗಾರಿಕೆ ಬಂದರು. ಹಡಗಲಿ, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಇಷ್ಟೆಲ್ಲ ಊರುಗಳಿರುವಾಗ ಮೀನಿನ ಊರೇ ಸಿಗಬೇಕಿತ್ತೇ ಎಂದು ಕಂಡಕಂಡವರ ಮೇಲೆ ರೇಗಾಡಿದೆ. ನನ್ನ ಹೆಂಡತಿ ಹಲವಾಗಲಿನವಳು, ತುಂಗಭದ್ರೆಯ ದಂಡೆಯಲ್ಲಿ ಮೀನು ಹಿಡಿಯುವವರ ಮಕ್ಕಳ ಜೊತೆ ಆಡಿ ಬೆಳೆದವಳು. ಅವರೇನು ನಮ್ಮ ತಟ್ಟೆಗೆ ತಂದು ಸುರಿಯುತ್ತಾರೆಯೇ, ಸುಮ್ಮನೆ ಹೋಗಿ ಹುಡುಗಿಗೊಂದು ಮನೆ ನೋಡಿ ಬನ್ನಿ ಎಂದಳು.

ಹರಪನಹಳ್ಳಿ, ದಾವಣಗೆರೆ, ಶಿವಮೊಗ್ಗ ದಾಟಿ, ಘಟ್ಟ ಇಳಿದು, ಮಗಳೂ ನಾನೂ ಬಂದರಿಗೆ ಹೋದೆವು. ಬಸ್ಸಿನಿಂದ ಕಾಲು ಕೆಳಗಿಡುವ ಮೊದಲೇ ನನ್ನ ಟವಲು ಮೂಗಿಗೆ ಹೋಯಿತು. ದೋಣಿಗಳಿಂದ ಬುಟ್ಟಿಗಟ್ಟಲೆ ಮೀನು ಇಳಿಯುತ್ತಿತ್ತು, ಐಸು ಪುಡಿ ಮಾಡುವ ಯಂತ್ರ ಗರಗರ ಅನ್ನುತ್ತಿತ್ತು, ಹೆಂಗಸರು ಮಂಡಿಯವರೆಗೆ ಸೀರೆ ಎತ್ತಿ ಕಟ್ಟಿಕೊಂಡು ಹರಾಜು ಕೂಗುತ್ತಿದ್ದರು. ನಮ್ಮ ಕಡೆಯ ಶೇಂಗಾ ಮಂಡಿಯಲ್ಲೂ ಇಂಥದೇ ಗದ್ದಲ ಇರುತ್ತದೆ. ಆದರೆ ಅವತ್ತು ನನಗೆ ಹಾಗನ್ನಿಸಲಿಲ್ಲ. ಮಗಳು ಮೆಲ್ಲಗೆ ನನ್ನ ಟವಲು ಎಳೆದು ಕೆಳಗಿಳಿಸಿದಳು. ನಾನು ಮತ್ತೆ ಏರಿಸಿದೆ.

ಮೂರು ಕಡೆ ನೋಡಿದೆವು. ಮೊದಲನೆಯದು ಐಸ್ ಪ್ಲಾಂಟಿನ ಮೇಲಿನ ಕೋಣೆ, ನೆಲವೆಲ್ಲ ಅದುರುತ್ತಿತ್ತು. ಎರಡನೆಯದು ಐದಾರು ಕಿಲೋಮೀಟರು ಒಳಗೆ, ದೇವಸ್ಥಾನದ ಬೀದಿಯಲ್ಲಿ, ಈರುಳ್ಳಿ ಸಹ ತಿನ್ನದವರ ಮನೆ. ನನಗೆ ಅದೇ ಹಿಡಿಸಿತು. ಆದರೆ ಮಗಳ ಡ್ಯೂಟಿ ಮುಗಿಯುವ ಹೊತ್ತಿಗೆ ಆ ಕಡೆಗೆ ಬಸ್ಸಿಲ್ಲ. ಮೂರನೆಯದು ಬಂದರಿನ ಬೆನ್ನಿಗೇ ಇದ್ದ ಒಂದು ಹಂಚಿನ ಮನೆ. ಆಸ್ಪತ್ರೆಗೆ ಹತ್ತು ಹೆಜ್ಜೆ. ಪಕ್ಕದಲ್ಲಿ ಬೇರೆ ಬಾಗಿಲಿರುವ ಕೋಣೆ, ಕಿಟಕಿ ತೆಗೆದರೆ ಹೊಳೆಯ ಗಾಳಿ. ಮನೆಯೊಡತಿ ಬಂದರಿನಲ್ಲಿ ಮೀನು ಮಾರುವ ಹೆಂಗಸು, ಗಂಡನಿಲ್ಲ, ಮಗಳನ್ನು ಮದುವೆ ಮಾಡಿ ಕೊಟ್ಟಾಗಿದೆ. ಇದ್ದವರು ಅವಳೂ ಅವಳ ಮುದಿ ಮಾವನೂ ಇಬ್ಬರೇ. ಆ ಅಜ್ಜ ಜಗಲಿಯ ಮೇಲೆ ಕಾಲು ಚಾಚಿ ಹರಿದ ಬಲೆ ಹೆಣೆಯುತ್ತಿದ್ದರು. ಕಣ್ಣು ಮಂಜಾಗಿ, ಬೆರಳಿನಿಂದಲೇ ತೂತು ಹುಡುಕುತ್ತಿದ್ದರು. ನನ್ನ ಮಗಳು ಬಂದ ಸದ್ದಿಗೆ ಕಾಲು ಮಡಿಚಿ ದಾರಿ ಬಿಟ್ಟು, ಬಾ ಮಗಾ ಎಂದರು. ಅವಳು ಅಲ್ಲೇ ಅವರ ಪಕ್ಕ ಕುಳಿತು ಕಣ್ಣಿಗೆ ಯಾವ ಔಷಧಿ ಹಾಕುತ್ತೀರಿ ಎಂದು ಕೇಳತೊಡಗಿದಳು. ಇದೇ ಮನೆ ಗಟ್ಟಿಯಾಯಿತು ಎಂದು ನನಗೆ ಆಗಲೇ ತಿಳಿಯಿತು.

ಮಗಳು ಒಪ್ಪಿದ್ದಳು, ಮನೆಯೊಡತಿಗೂ ಮಾವನನ್ನು ನೋಡಿಕೊಳ್ಳಲು ಮನೆಯಲ್ಲೊಬ್ಬ ನರ್ಸ್ ಇರುವುದು ಬೇಕಾಗಿತ್ತು. ನಾನು ಬಾಯಿ ಮುಚ್ಚಿಕೊಂಡಿದ್ದರೆ ಎಲ್ಲ ಚೆನ್ನಾಗಿಯೇ ಇರುತ್ತಿತ್ತು. ಆದರೆ ನಾನು ಗಂಟಲು ಸರಿಮಾಡಿಕೊಂಡೆ.

"ನೋಡ್ರಿ ಅಕ್ಕಾರ, ನಾವು ಲಿಂಗ ಕಟ್ಟಿದ ಮಂದಿ. ಈ ಮನಿ ಒಲಿ ಮ್ಯಾಲ ಮೀನು ಬೇಯಿಸಿದ್ರ ನಮ್ಮ ಹುಡುಗಿ ಇಲ್ಲಿ ಇರಂಗಿಲ್ಲ."

ಮೀನಿನಿಂದಲೇ ಬದುಕುವವರ ಮನೆಯಲ್ಲಿ ನಿಂತು ಆಡಿದ ಮಾತು ಇದು. ಈಗ ಬರೆಯುವಾಗಲೂ ಕಿವಿ ಬಿಸಿಯಾಗುತ್ತದೆ. ಆಗ ಮಾತ್ರ ವ್ಯಾಪಾರ ಕುದುರಿಸಿದಷ್ಟೇ ಸಲೀಸಾಗಿ ಹೇಳಿದೆ. ಮನೆಯೊಡತಿ ಮಾವನ ಕಡೆ ನೋಡಿದಳು. ಅವರು ಬಲೆಯಿಂದ ತಲೆಯೆತ್ತಲಿಲ್ಲ. ಹಿತ್ತಲಲ್ಲಿ ಬಲೆ ಇಡುವ ಶೆಡ್ಡು ಇದೆ, ನಮ್ಮ ಅಡುಗೆ ಇನ್ನು ಅಲ್ಲೇ ಮಾಡಿಕೊಳ್ಳುತ್ತೇವೆ ಎಂದಳು ಅವಳು. ಮಗಳು ನನ್ನ ತೋಳು ಹಿಡಿದು ಹೊರಗೆ ಕರೆದುಕೊಂಡು ಹೋಗಿ, ಷರತ್ತು ವಾಪಸು ತಗೋ ಎಂದು ಅಂಗಲಾಚಿದಳು. ನನಗೆ ತಿಳಿಯುವುದು ನಿನಗೆ ತಿಳಿಯದು ಎಂದು ಅವಳ ಬಾಯಿ ಮುಚ್ಚಿಸಿದೆ.

ಎರಡು ತಿಂಗಳಿಗೊಮ್ಮೆ ನಾನು ಹೋಗುತ್ತಿದ್ದೆ. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ ಗಂಟು ಕಟ್ಟಿಕೊಂಡು, ಹಿಂದಿನ ದಿನವೇ ಫೋನು ಮಾಡಿ ಹೊರಡುವುದು. ಮೊದಲ ಸಲ ಹೋದಾಗ ಮನೆಯೊಳಗೆ ಯಾವ ವಾಸನೆಯೂ ಇರಲಿಲ್ಲ, ಆದರೆ ಜಗಲಿಯಲ್ಲಿ ನನ್ನ ಮೂಗಿಗೆ ಏನೋ ತಾಕಿತು. ಇಲ್ಲೇನೋ ಇನ್ನೂ ವಾಸನೆ ಉಳಿದಿದೆ ನೋಡಿ ಎಂದು ಮನೆಯೊಡತಿಗೆ ಹೇಳಿದೆ. ಆ ಅಜ್ಜ ಮಾರುದೂರದಲ್ಲಿ ಬಲೆ ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಅವರ ಕಣ್ಣು ಮಂಜಾಗಿತ್ತೇ ಹೊರತು ಕಿವಿಯಲ್ಲ. ಇದು ನನಗೆ ಆಗ ಹೊಳೆಯಲಿಲ್ಲ ಎಂದು ಬರೆದರೆ ಸುಳ್ಳಾದೀತು. ಹೊಳೆದಿತ್ತು. ಆದರೆ ಏನಾಯಿತೀಗ ಎಂದುಕೊಂಡಿದ್ದೆ.

ಮುಂದಿನ ಸಲ ಹೋದಾಗ ಜಗಲಿ ತೊಳೆದು ಒಣಗಿಸಿದ್ದರು. ಬಲೆ ಇರಲಿಲ್ಲ, ಅಜ್ಜನೂ ಇರಲಿಲ್ಲ. ಅಗರಬತ್ತಿ ಉರಿಯುತ್ತಿತ್ತು. ಎಲ್ಲಿ ಅವರು ಎಂದದ್ದಕ್ಕೆ, ಮೊಮ್ಮಗಳ ಮನೆಗೆ ಹೋಗಿದ್ದಾರೆ ಎಂದಳು ಮನೆಯೊಡತಿ. ಅದರ ಮುಂದಿನ ಸಲವೂ ಹಾಗೆಯೇ. ನಾನು ಮತ್ತೆ ಕೇಳಲಿಲ್ಲ. ಮನಸ್ಸು ಮಾಡಿದರೆ ಎಷ್ಟು ಚೊಕ್ಕಟವಾಗಿ ಇರಬಹುದು ನೋಡಿ ಎಂದು ಅವಳನ್ನು ಹೊಗಳಿದೆ. ಅವಳು ನಕ್ಕಳು. ಮಗಳು ನಗಲಿಲ್ಲ, ರೊಟ್ಟಿಯ ಗಂಟು ಎತ್ತಿಕೊಂಡು ಒಳಗೆ ಹೋದಳು. ಊರಿಗೆ ಬಂದು ಅಂಗಡಿಯಲ್ಲಿ ಕೊಚ್ಚಿಕೊಂಡದ್ದೇ ಕೊಚ್ಚಿಕೊಂಡದ್ದು, ಮೀನುಗಾರರ ಮನೆಯಲ್ಲಿ ಮೀನಿಲ್ಲದ ಹಾಗೆ ಮಾಡಿ ಬಂದೆ ಎಂದು. ಹೋಗಲಿ, ಅವರು ಏನು ಉಣ್ಣುತ್ತಾರೆ ಎಂದು ಒಬ್ಬ ಗಿರಾಕಿ ಕೇಳಿದ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಕಳೆದ ವರ್ಷ ಪಕ್ಕದ ಮನೆಯವರು ತಾಯಿಯನ್ನು ಉಡುಪಿ ಕಡೆಯ ಆಸ್ಪತ್ರೆಗೆ ಕಾರಿನಲ್ಲಿ ಕರೆದೊಯ್ಯುತ್ತಿದ್ದರು. ಒಂದು ಸೀಟು ಖಾಲಿ ಇತ್ತು. ಹೊರಡುವ ಗಡಿಬಿಡಿಯಲ್ಲಿ ಮಗಳಿಗೆ ಫೋನು ಮಾಡಲಿಲ್ಲ, ಎದುರಿಗೇ ಹೋಗಿ ನಿಂತರೆ ಖುಷಿಪಡುತ್ತಾಳೆ ಎಂದುಕೊಂಡೆ. ಅವರು ನನ್ನನ್ನು ಬಂದರಿನ ಹತ್ತಿರ ಇಳಿಸಿ ಮುಂದೆ ಹೋದರು. ಮಧ್ಯಾಹ್ನ ಒಂದು ಗಂಟೆಯ ಹೊತ್ತು. ಮಗಳ ಕೋಣೆಗೆ ಬೀಗ ಹಾಕಿತ್ತು. ಹಿತ್ತಲಿನಿಂದ ಮಾತು ಕೇಳಿಸಿತು, ಆ ಕಡೆ ಹೋದೆ.

ಶೆಡ್ಡಿನಲ್ಲಿ ಬಲೆಗಳ ರಾಶಿಯ ನಡುವೆ ಚಾಪೆ ಹಾಸಿ ಅಜ್ಜ ಊಟಕ್ಕೆ ಕೂತಿದ್ದರು. ಎದುರಿಗೆ ನನ್ನ ಮಗಳು, ಡ್ಯೂಟಿಯ ಬಟ್ಟೆಯಲ್ಲೇ ಮಂಡಿಯೂರಿ ಕುಳಿತು, ಅವರ ತಟ್ಟೆಯ ಮೀನಿನಿಂದ ಒಂದೊಂದೇ ಮುಳ್ಳು ಆರಿಸಿ ಪಕ್ಕಕ್ಕಿಟ್ಟು, ಮುಳ್ಳಿಲ್ಲದ್ದನ್ನು ಅನ್ನದ ಮೇಲೆ ಇಡುತ್ತಿದ್ದಳು. ಅವಳ ಊಟದ ಡಬ್ಬಿ ಬೇರೆ ಇತ್ತು, ಅದರಲ್ಲಿ ನಾನು ತಂದುಕೊಟ್ಟಿದ್ದ ರೊಟ್ಟಿ ಇತ್ತು. ಕಣ್ಣು ಕಾಣದವರಿಗೆ ಮುಳ್ಳು ಗಂಟಲಿಗೆ ಸಿಕ್ಕಬಾರದು, ಅದಕ್ಕಾಗಿ ಅವಳು ಕೈ ಹಾಕಿದ್ದಳು. ನೋಡಿದ ಗಳಿಗೆಯಲ್ಲೇ ನನಗಿದು ಅರ್ಥವಾಯಿತು. ಆದರೂ ಬಾಯಿ ಕೇಳಬೇಕಲ್ಲ.

"ಏನಬೇ ಇದು?" ಎಂದೆ.

ಮಗಳು ತಲೆಯೆತ್ತುವಷ್ಟರಲ್ಲಿ ಅಜ್ಜ ನನ್ನ ದನಿ ಗುರುತಿಸಿದ್ದರು. ಲೋಟ ತಡಕಿ ತೆಗೆದುಕೊಂಡು, ತುಂಬಿದ ತಟ್ಟೆಯಲ್ಲೇ ಕೈ ತೊಳೆದುಬಿಟ್ಟರು. ಆಮೇಲೆ ಗೋಡೆ ಹಿಡಿದು ಎದ್ದು, ಕಾಲಿನಿಂದ ಚಪ್ಪಲಿ ಹುಡುಕತೊಡಗಿದರು. ಯಾರೂ ಅವರಿಗೆ ಏಳಿ ಎನ್ನಲಿಲ್ಲ. ನಾನು ಬಂದರೆ ತಾನು ಹೊರಡಬೇಕು ಎನ್ನುವುದು ಅವರಿಗೆ ಅಷ್ಟು ಅಭ್ಯಾಸವಾಗಿತ್ತು.

ಉಣ್ಣುತ್ತಿರುವವರನ್ನು ಎಬ್ಬಿಸಬಾರದೆಂದು ಕಲಿತ ಮನೆ ನಮ್ಮದು. ಮಠದ ಪಂಕ್ತಿಯಲ್ಲಿ ಬಡಿಸಲು ನಿಂತು, ಗುರುತಿಲ್ಲದವರಿಗೂ ಇನ್ನೊಂದು ತುತ್ತು ಉಣ್ಣಿ ಎಂದು ಉಪಚಾರ ಮಾಡಿ ಬೆಳೆದವನು ನಾನು. ಅಂಥವನು ಒಬ್ಬ ಕುರುಡು ಮುದುಕರನ್ನು ಅವರ ಮನೆಯಲ್ಲೇ ಅನ್ನದ ಮುಂದಿನಿಂದ ಎಬ್ಬಿಸಿದ್ದೆ. ಮಗಳು ಎದ್ದು ನಿಂತಳು. ಅವಳು ದನಿ ಏರಿಸಲಿಲ್ಲ.

"ಅಪ್ಪಾ, ಅಜ್ಜ ಉಣ್ಣಾಕ ಕುಂತಿದ್ದ. ನೀನು ಹೊರಗ ನಿಂದ್ರು."

ಹೊರಗೆ ಹೋಗಿ ನಿಂತೆ. ಬೇರೆ ತಟ್ಟೆಯಲ್ಲಿ ಹಾಕಿಕೊಡುತ್ತೇನೆ, ಕೂತುಕೊಳ್ಳಿ ಎಂದು ಅವಳು ಒಳಗೆ ಬೇಡುವುದು ಕೇಳಿಸುತ್ತಿತ್ತು. ಹೊಟ್ಟೆ ತುಂಬಿತು ಮಗಾ ಎಂದರು ಅವರು. ತಟ್ಟೆಯ ಅನ್ನ ಮುಕ್ಕಾಲು ಭಾಗ ಹಾಗೆಯೇ ಇದ್ದದ್ದನ್ನು ನಾನು ಕಂಡಿದ್ದೆ. ಕೋಲು ಊರಿಕೊಂಡು ಹೊರಗೆ ಬಂದವರು ನನ್ನ ಪಕ್ಕಕ್ಕೆ ಬಂದಾಗ ನಿಂತರು. "ಬಂದ್ರಾ? ಊಟ ಆಯ್ತಾ?" ಎಂದು ಕೇಳಿದರು. ಕುಹಕವಿರಲಿಲ್ಲ, ಯಾರನ್ನಾದರೂ ಕೇಳುವ ಹಾಗೆಯೇ ಕೇಳಿದರು. ಆಯ್ತು ಎಂದೆ. ಆಗಿರಲಿಲ್ಲ. ಅವರು ಬೇಲಿ ತಡವುತ್ತಾ ರಸ್ತೆಗೆ ಹೋದರು.

ಸ್ವಲ್ಪ ಹೊತ್ತಿಗೆ ಮನೆಯೊಡತಿ ಖಾಲಿ ಬುಟ್ಟಿ ಹೊತ್ತು ಬಂದವಳು ನನ್ನನ್ನು ನೋಡಿ ಗಾಬರಿಯಾದಳು. "ನೀವು ಬರೂದು ಗೊತ್ತಿರ್ಲಿಲ್ಲ ಮಾರಾಯ್ರೆ, ಗೊತ್ತಿದ್ರೆ ಅವರನ್ನು ಕಳಿಸ್ತಿದ್ದೆ" ಎಂದು ನನ್ನಲ್ಲೇ ಕ್ಷಮೆ ಕೇಳುವ ದನಿಯಲ್ಲಿ ಹೇಳಿದಳು. ಮೊಮ್ಮಗಳ ಮನೆ ಎಂದರೆ ಎಲ್ಲಿ ಎಂದು ಆಗ ಕೇಳಿದೆ. ಅವಳು ಹೊಳೆಯಾಚೆ ಇದ್ದಾಳಂತೆ. ಅಲ್ಲಿಗೆ ಹೋಗುವಷ್ಟು ಶಕ್ತಿ ಅಜ್ಜನಿಗೆ ಇಲ್ಲ. ನಾನು ಬಂದ ದಿನಗಳಲ್ಲೆಲ್ಲ ಅವರು ಬಂದರಿನ ಹರಾಜು ಕಟ್ಟೆಯ ಮೇಲೆ, ನಾನು ಬಸ್ಸು ಹತ್ತುವವರೆಗೆ ಕೂತಿರುತ್ತಿದ್ದರಂತೆ.

ನನ್ನ ಷರತ್ತು ಇವತ್ತಿಗೆ ಮುಗಿಯಿತು, ಒಳಗಿನ ಒಲೆಯ ಮೇಲೆ ನಿಮಗೆ ಬೇಕಾದ್ದು ಬೇಯಿಸಿಕೊಳ್ಳಿ ಎಂದು ಕೈ ಮುಗಿದೆ. ಅವಳು ಆಗಲಿ ಎಂದಳು. ಬೇಯಿಸುತ್ತಾಳೆ ಎಂದು ಮಗಳೂ ಫೋನಿನಲ್ಲಿ ಹೇಳಿದ್ದಾಳೆ. ಅಜ್ಜ ಈಗ ಒಳಗೇ ಕೂತು ಉಣ್ಣುತ್ತಾರೆ, ಜಗಲಿಯಲ್ಲೇ ಬಲೆ ಹೆಣೆಯುತ್ತಾರೆ.

ಆದರೆ ನಾನು ಹೋದರೆ ಅವರು ಇರುವುದಿಲ್ಲ. ಅದಾದ ಮೇಲೆ ಮೂರು ಸಲ ಹೋದೆ, ಮೂರು ಸಲವೂ ಅಜ್ಜ ಮನೆಯಲ್ಲೇ ಇರಬೇಕು ಎಂದು ಫೋನಿನಲ್ಲಿ ಹೇಳಿಯೇ ಹೋದೆ. ಮಗಳು ಅವರನ್ನು ಹಿಡಿದು ಕೂರಿಸಿರುತ್ತಾಳೆ, ನನ್ನ ದನಿ ಕೇಳಿದ್ದೇ ಹಿತ್ತಲಿನಿಂದ ಹೋಗಿಬಿಡುತ್ತಾರೆ. ಒಮ್ಮೆ ಹರಾಜು ಕಟ್ಟೆಗೇ ಹೋಗಿ ಅವರ ಕೈ ಹಿಡಿದು, ತಪ್ಪಾಯಿತು, ಮನೆಗೆ ಬನ್ನಿ ಎಂದೆ. ಅಯ್ಯೋ ಅದಕ್ಕೆಂಥ, ನನಗೆ ಇಲ್ಲೇ ಗಾಳಿ ಚೆನ್ನಾಗುಂಟು ಎಂದು ನಕ್ಕರು. ಬರಲಿಲ್ಲ.

ಹಾಗಾಗಿ ನಾನು ಹೋಗುವುದನ್ನು ನಿಲ್ಲಿಸಿದ್ದೇನೆ. ರೊಟ್ಟಿಯ ಗಂಟು ಬಸ್ಸಿನವರ ಕೈಯಲ್ಲಿ ಕಳಿಸುತ್ತೇನೆ. ಮಗಳ ಮುಖ ನೋಡಿ ಐದು ತಿಂಗಳಾಯಿತು. ಹೆಂಡತಿ ಕೇಳಿದರೆ ಅಂಗಡಿಯ ನೆಪ ಹೇಳುತ್ತೇನೆ. ನಾನು ಕೊಟ್ಟೂರಿನಲ್ಲಿದ್ದರೆ ಅಲ್ಲಿ ಅಜ್ಜ ತಮ್ಮ ಮನೆಯಲ್ಲಿ ಹೊಟ್ಟೆ ತುಂಬ ಉಣ್ಣುತ್ತಾರೆ.