ಸುಮ್ಮನಿದ್ದವನ ಎಲೆ

ನಿವೃತ್ತಿಯ ನಂತರ, ಎರಡು ಸಾವಿರದ ದಶಕದ ಆರಂಭದಲ್ಲಿ, ಗರುಡಾಚಾರ್‌ಪಾಳ್ಯದ ಒಂದು ಚಿಕ್ಕ ಘಟಕದಲ್ಲಿ ಬಿಡಿಭಾಗಗಳ ತಪಾಸಣೆ ಮಾಡುತ್ತಿದ್ದೆ. ವಿದೇಶಿ ಗಿರಾಕಿಗಳೊಡನೆ ಹೇಗೆ ವ್ಯವಹರಿಸಬೇಕೆಂದು ಕಲಿಸಲು ಅಲ್ಲಿಗೆ ಒಬ್ಬ ತರಬೇತುದಾರ ಬಂದ. ಪೂರ್ವದವರಿಗೆ ಮೌನವೆಂದರೆ ಗೌರವ, ಪಶ್ಚಿಮದವರಿಗೆ ಮೌನವೆಂದರೆ ಮುಜುಗರ ಎಂದು ಗೋಡೆಯ ಮೇಲೆ ಚಿತ್ರ ಬಿಟ್ಟು ವಿವರಿಸಿದ. ಶಿವಾಜಿನಗರದ ಹಳೆಯ ಪುಸ್ತಕದ ರಾಶಿಗಳಿಂದ ಹೆಕ್ಕಿ ತಂದು ಓದಿದ್ದರಲ್ಲೂ ಇದೇ ಮಾತನ್ನು ಕಂಡಿದ್ದೆ; ಆಗಲೂ ನಂಬಿರಲಿಲ್ಲ. ಪೂರ್ವವೆಂಬುದು ಯಾವ ಬೀದಿಯಿಂದ ಶುರುವಾಗುತ್ತದೆ ಎಂದು ಕೇಳಿದೆ. ಅವನು ನಕ್ಕು ಮುಂದಿನ ಚಿತ್ರಕ್ಕೆ ಹೋದ.

ನನ್ನ ಸಂಶಯಕ್ಕೆ ಆಧಾರವಿತ್ತು. ತೊಂಬತ್ತರ ದಶಕದ ನಡುವೆ, ನಾನು ದುಡಿಯುತ್ತಿದ್ದ ಕಾರ್ಖಾನೆಯ ವಿಮಾನಪುರದ ಕ್ವಾರ್ಟರ್ಸಿನಲ್ಲಿ ಅವ್ವ ತೀರಿಕೊಂಡಳು. ನಾವು ಗದಗಿನ ಕಡೆಯವರು. ನಮ್ಮಲ್ಲಿ ಸಾವಿನ ಮನೆಗೆ ಬಂದವರು ಸತ್ತವರ ಗುಣಗಳನ್ನು ಹಾಡಿ ಹಾಡಿ ಅಳಬಹುದು, ಓಣಿಗೆಲ್ಲ ಕೇಳುವಂತೆ ಅಳಬಹುದು. ಹೊರಡುವಾಗ ಮಾತ್ರ ತುಟಿ ಬಿಚ್ಚಬಾರದು. ಅಲ್ಲಿ 'ಬರುತ್ತೇನೆ' ಎಂದರೆ ಇನ್ನೊಂದು ಸಾವನ್ನು ಕರೆದಂತೆ. ಎದ್ದು, ಚಪ್ಪಲಿ ಮೆಟ್ಟಿ, ಹಿಂದಿರುಗಿ ನೋಡದೆ ನಡೆಯಬೇಕು.

ಕಾರ್ಖಾನೆಯಲ್ಲಿ ನನ್ನ ಪಕ್ಕದ ಮೇಜಿನಲ್ಲಿ ಅಳತೆ ನೋಡುತ್ತಿದ್ದ ಗೆಳೆಯ ಹಲಸೂರಿನ ಆಂಗ್ಲೋ ಇಂಡಿಯನ್. ಅವ್ವನ ಕೊನೆಯ ವರ್ಷವೆಲ್ಲ ಅವಳನ್ನು ತನ್ನ ಹಳೆಯ ಕಾರಿನಲ್ಲಿ ಆಸ್ಪತ್ರೆಗೆ ಕರೆದೊಯ್ದವನು ಅವನೇ. ಕ್ರಿಸ್‌ಮಸ್ಸಿಗೆ ಅವನು ತಂದ ಕೇಕನ್ನು ಅವ್ವ, ಮೊಟ್ಟೆಯಿದೆಯೆಂದು, ಪಕ್ಕದ ಮನೆಗೆ ದಾಟಿಸುತ್ತಿದ್ದಳು. ರುಚಿಯನ್ನು ಮಾತ್ರ ತಾನೇ ಹೊಗಳುತ್ತಿದ್ದಳು. ಅವನು ಮೊದಲ ಸಲ ಮನೆಗೆ ಬಂದು ಹೊರಟಾಗ 'ಹೋಗ್ತೀನಿ' ಎಂದಿದ್ದ. ಅವ್ವ ಗದರಿ, ಹಾಗೆನ್ನಬಾರದು, 'ಬರ್ತೀನಿ' ಅನ್ನಬೇಕು ಎಂದು ಹೊಸ್ತಿಲಲ್ಲೇ ನಿಲ್ಲಿಸಿ ಹೇಳಿಸಿದ್ದಳು. ನಿಯಮವನ್ನು ಕಲಿಸಿದವಳು, ಆ ನಿಯಮ ನಡೆಯದ ಮನೆಯೊಂದಿದೆ ಎಂಬುದನ್ನು ಹೇಳಿರಲಿಲ್ಲ.

ಅಂದು ಅವನು ಕಪ್ಪು ಟೈ ಕಟ್ಟಿಕೊಂಡು ಬಂದ. ಪ್ರತಿಯೊಬ್ಬರ ಕೈ ಕುಲುಕಿ ಎರಡು ಸಾಂತ್ವನದ ಮಾತನಾಡಿದ. ಅವರಲ್ಲಿ ಅದೇ ಮರ್ಯಾದೆ, ಬಾಯಿ ಮುಚ್ಚಿಕೊಂಡು ಹೋದರೆ ಮುನಿಸಿಕೊಂಡು ಹೋದಂತೆ. ಕೊನೆಗೆ ಬಾಗಿಲಲ್ಲಿ ನನ್ನ ಹೆಗಲ ಮೇಲೆ ಕೈಯಿಟ್ಟು, ಎಲ್ಲರಿಗೂ ಕೇಳುವಂತೆ ಹೇಳಿದ: "ಬರ್ತೀನಿ ಮ್ಯಾನ್. ಮತ್ತೆ ಬರ್ತೀನಿ. ಪ್ರಾಮಿಸ್."

ಅಳುತ್ತಿದ್ದವರ ದನಿ ನಿಂತುಹೋಯಿತು. ಅವನು ಹೋದ ಮೇಲೆ ಅಪ್ಪನ ತಂಗಿ, ನಮ್ಮ ಅತ್ತೆ, ನನ್ನನ್ನು ಒಳಗೆ ಕರೆದರು.

"ಮತ್ತ ಬರತೇನಂದ್ನಲ್ಲೋ. ಇನ್ಯಾರನ್ನ ಒಯ್ಯಾಕ ಬರತಾನ ಅಂವ?"

"ಉಣ್ಣಾಕ," ಎಂದೆ. "ದಿವಸದ ಊಟಕ್ಕ ನಾನ ಕರದೇನಿ."

ಅವನು ಆ ಊಟಕ್ಕೆ ಬಂದರೆ ತಾನು ನೀರೂ ಮುಟ್ಟದೆ ಊರಿನ ಬಸ್ಸು ಹತ್ತುವುದಾಗಿ ಅತ್ತೆ ಹೇಳಿದರು. ಅದು ಬರಿಯ ಬೆದರಿಕೆಯಲ್ಲ. ಅಪ್ಪನ ಕಡೆಯಲ್ಲಿ ಉಳಿದಿದ್ದ ಹಿರಿಯರು ಅವರೊಬ್ಬರೇ. ಅವರು ಉಣ್ಣದೆ ಹೋದರೆ ಅವ್ವನ ದಿವಸ ಮುಗಿದಂತಲ್ಲ ಎಂಬುದು ಬಂಧುಗಳ ತೀರ್ಮಾನ. ಆದರೆ ಅವ್ವನನ್ನು ಎತ್ತಿ ಕಾರಿನಲ್ಲಿ ಕೂರಿಸಿದವನಿಗೆ ಬರಬೇಡ ಎನ್ನಲು ನಾನು ಸಿದ್ಧನಿರಲಿಲ್ಲ. 'ಬರ್ತೀನಿ' ಎಂಬುದನ್ನು ಕಲಿಸಿದವಳು ಅವ್ವನೇ ಎಂದು ವಿವರಿಸಿದೆ. ಅತ್ತೆ ಮಾತಾಡಲಿಲ್ಲ. ಅವರು ಮೌನವಾಗಿ ಒಪ್ಪಿದರೆಂದು ನಮ್ಮ ಮನೆಯಲ್ಲಿ ಇಂದಿಗೂ ಹೇಳುತ್ತಾರೆ, ಮೌನವೇ ಸಮ್ಮತಿಯಂತೆ. ಆ ಮೌನದ ಎದುರು ನಿಂತಿದ್ದವನು ನಾನು. ಅತ್ತೆ ಒಪ್ಪಿರಲಿಲ್ಲ, ಸೀರೆಗಳನ್ನು ಮಡಿಚಿ ಚೀಲಕ್ಕೆ ತುಂಬುತ್ತಿದ್ದರು.

ದಿವಸದಂದು ಗೆಳೆಯ ಬಂದ. ಅಷ್ಟರಲ್ಲಿ ಕಾರ್ಖಾನೆಯ ತಮಿಳು ಸಹೋದ್ಯೋಗಿಯೊಬ್ಬ ಅವನಿಗೆ ಅವನ ತಪ್ಪನ್ನು ತಿಳಿಸಿಬಿಟ್ಟಿದ್ದ. ತಮಿಳರಲ್ಲೂ ಸಾವಿನ ಮನೆಯಿಂದ ಹೇಳಿ ಹೊರಡುವುದಿಲ್ಲ. ಇನ್ನೊಂದು ತಪ್ಪಾಗದಿರಲೆಂದು ಗೆಳೆಯ ಬಾಯಿಗೆ ಬೀಗ ಹಾಕಿಕೊಂಡಿದ್ದ. ನನಗೂ ತಲೆಯಾಡಿಸಿದನೇ ಹೊರತು ಮಾತಿಲ್ಲ. ಪಂಕ್ತಿಯಲ್ಲಿ ಕುಳಿತ.

ಅತ್ತೆ ಚೀಲವನ್ನು ಬಾಗಿಲ ಬಳಿ ತಂದಿಟ್ಟಿದ್ದರು, ಉಣ್ಣಲು ಕೂರಲಿಲ್ಲ. ಆದರೆ ಬಡಿಸುವ ಕೈಗಳು ಸಾಲದೆ, ಗೋಧಿ ಹುಗ್ಗಿಯ ಬಕೆಟ್ಟನ್ನು ತಾವೇ ಎತ್ತಿಕೊಂಡರು. ಎಷ್ಟು ಸಿಟ್ಟಿದ್ದರೂ ಪಂಕ್ತಿಯಲ್ಲಿ ಕುಳಿತ ಒಬ್ಬನನ್ನು ದಾಟಿ ಮುಂದೆ ಹೋಗುವಂತಿಲ್ಲ; ಅದು ಅವರ ಕಣ್ಣಲ್ಲಿ ಯಾವ ಅಪಶಕುನಕ್ಕಿಂತಲೂ ದೊಡ್ಡ ಪಾಪ. ಅವನಿಗೂ ಒಂದು ಸೌಟು ಬಿತ್ತು.

ನಮ್ಮ ಕಡೆಯ ಊಟದಲ್ಲಿ ಸಾಕೆಂದು ಕೂಗಬೇಕು, ಎಲೆಗೆ ಅಡ್ಡ ಕೈ ಹಿಡಿಯಬೇಕು, ಬಡಿಸುವವರೊಡನೆ ಜಗಳವಾಡಬೇಕು. ಸುಮ್ಮನಿದ್ದವನ ಎಲೆಗೆ ಮತ್ತೆ ಬೀಳುತ್ತದೆ. ಗೆಳೆಯ ಸುಮ್ಮನಿದ್ದ. ಅತ್ತೆ ಬಡಿಸಿದರು. ಎಲೆಯಲ್ಲಿ ಬಿಡುವುದು ಅಗೌರವವೆಂದು ಅವನು ಕಷ್ಟಪಟ್ಟು ಮುಗಿಸಿದ. ಮುಗಿಸಿದ್ದನ್ನು ಕಂಡು ಅವರು ಮತ್ತೆ ಬಡಿಸಿದರು. ಅವನ ಹಣೆಯಲ್ಲಿ ಬೆವರೊಡೆಯಿತು. ಹತ್ತಿರ ಹೋಗಿ, ಕೈ ಅಡ್ಡ ಹಿಡಿ ಎಂದು ಅವನಿಗೆ ಹೇಳೋಣವೆಂದುಕೊಂಡೆ. ಆದರೆ ಅತ್ತೆಯ ಮುಖದಲ್ಲಿ ಏನೋ ಸಡಿಲುತ್ತಿರುವಂತೆ ಕಂಡಿತು. ಇಷ್ಟು ಪ್ರೀತಿಯಿಂದ ಉಣ್ಣುವವನನ್ನು ಅವರು ಬೆಂಗಳೂರಿನಲ್ಲಿ ನೋಡಿರಲಿಲ್ಲ.

ಸೌಟು ಇನ್ನೊಮ್ಮೆ ಇಳಿಯುತ್ತಿದ್ದಾಗ ಅವನು ಎರಡೂ ಕೈಗಳಿಂದ ಎಲೆಯನ್ನು ಮುಚ್ಚಿದ.

"ಸಾಕು ಆಂಟಿ, ಪ್ಲೀಸ್. ಇನ್ನೊಂದು ಹಾಕಿದ್ರೆ ಸತ್ತೇ ಹೋಗ್ತೀನಿ."

ಸಾವಿನ ಊಟದಲ್ಲಿ ಆಡಬಾರದ ಮಾತುಗಳಲ್ಲಿ ಅದಕ್ಕಿಂತ ಕೆಟ್ಟದ್ದಿಲ್ಲ. ಇಡೀ ಪಂಕ್ತಿಯ ಕೈಗಳು ಎತ್ತಿದ ತುತ್ತಿನೊಡನೆ ಹಾಗೆಯೇ ನಿಂತವು. ಅತ್ತೆ ಅವನನ್ನೇ ನೋಡಿದರು. ಅವರ ಭುಜ ಅಲುಗತೊಡಗಿತು. ಅಳುತ್ತಿದ್ದಾರೆಂದು ಎಲ್ಲರೂ ತಿಳಿದರು. ಅವರು ಸೆರಗನ್ನು ಬಾಯಿಗೊತ್ತಿ ನಗುತ್ತಿದ್ದರು.

"ಸಾಯಬ್ಯಾಡಪಾ," ಎಂದರು. "ಹುಗ್ಗಿ ಇನ್ನೂ ಭಾಳ ಐತಿ."

ಬಕೆಟ್ಟನ್ನು ನನ್ನ ಕೈಗೆ ಕೊಟ್ಟು, ಅವನೆದುರಿನ ಖಾಲಿ ಎಲೆಗೆ ಕುಳಿತರು.